ಗೋದಾತೀರದ ಸಂವಾದಗಳು: ಇತಿಹಾಸ, ಕಲ್ಪನೆ ಮತ್ತು ಧರ್ಮಜಿಜ್ಞಾಸೆ

ಧರ್ಮದ ಸೂಕ್ಷ್ಮವನ್ನು ವಿಚಾರಿಸಬೇಕಾದಾಗಲೆಲ್ಲ ನಮ್ಮ ಪ್ರಾಚೀನರು ಬಹುಮಟ್ಟಿಗೆ ಸಂವಾದದ ರೂಪವನ್ನೇ ಆಶ್ರಯಿಸಿದರು. ನಚಿಕೇತನು ಯಮನನ್ನು ಪ್ರಶ್ನಿಸುತ್ತಾನೆ. ಮೈತ್ರೇಯಿಯು ಯಾಜ್ಞವಲ್ಕ್ಯರನ್ನು ಪ್ರಶ್ನಿಸುತ್ತಾಳೆ. ಯುದ್ಧವನ್ನು ಗೆದ್ದ ಯುಧಿಷ್ಠಿರನು ಶರಶಯ್ಯೆಯಲ್ಲಿರುವ ಭೀಷ್ಮರ ಮುಂದೆ ಕೈಜೋಡಿಸಿ ಕುಳಿತುಕೊಳ್ಳುತ್ತಾನೆ. ಶಾಸ್ತ್ರಗ್ರಂಥಗಳಲ್ಲಿಯೂ ಪೂರ್ವಪಕ್ಷಿಯೊಬ್ಬನು ಸದಾ ಎದುರಿಗೆ ಇದ್ದೇ ಇರುತ್ತಾನೆ. ಅವನ ಆಕ್ಷೇಪಣೆಯನ್ನು ಮೊದಲು ಪೂರ್ಣವಾಗಿ ಹೇಳಿ, ಅನಂತರವೇ ಸಿದ್ಧಾಂತಕ್ಕೆ ಬರಬೇಕೆಂಬುದು ನಿಯಮ. ಶ್ರೀಮದಾಚಾರ್ಯರು ‘ಕಥಾಲಕ್ಷಣ’ವೆಂಬ ಪ್ರಕರಣಗ್ರಂಥವನ್ನು ರಚಿಸಿ ವಾದ, ಜಲ್ಪ, ವಿತಂಡಗಳ ಭೇದವನ್ನು ನಿರೂಪಿಸಿದ್ದಾರೆ. ತತ್ತ್ವನಿರ್ಣಯವನ್ನೇ ಬಯಸುವವರ ಮಾತುಕತೆ ವಾದ. ಗೆಲುವಿಗೂ ಕೀರ್ತಿಗೂ ಆಡುವ ಮಾತು ಜಲ್ಪ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಇತಿಹಾಸದ ಒಂದು ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆ ಇಷ್ಟೇ: ಇತಿಹಾಸದ ವ್ಯಕ್ತಿಗಳು ಆಡದೆ ಬಿಟ್ಟ ಮಾತುಗಳನ್ನು ನಾವು ಕಲ್ಪಿಸಿಕೊಳ್ಳಬಹುದೇ? ಕಲ್ಪಿಸಿದರೆ ಅದರಿಂದ ನೀತಿಯ ವಿಚಾರದಲ್ಲಿ ಏನಾದರೂ ತಿಳಿವು ದೊರೆಯುವುದೇ, ಅಥವಾ ನಮ್ಮ ಅಭಿಪ್ರಾಯವನ್ನೇ ಸತ್ತವರ ಬಾಯಲ್ಲಿ ತುರುಕಿದಂತಾಗುವುದೇ? ಗ್ರೀಸಿನ ಇತಿಹಾಸಕಾರ ಥ್ಯುಸಿಡಿಡೀಸನು ಕ್ರಿ.ಪೂ. ಐದನೆಯ ಶತಮಾನದಲ್ಲಿಯೇ ಈ ತೊಡಕನ್ನು ಎದುರಿಸಿದನು. ಭಾಷಣಗಳ ಶಬ್ದಶಃ ಸ್ಮರಣೆ ಕಷ್ಟವಾದುದರಿಂದ, ನಿಜವಾಗಿ ಆಡಿದ ಮಾತಿನ ಒಟ್ಟು ಆಶಯಕ್ಕೆ ಆದಷ್ಟು ಹತ್ತಿರವಿದ್ದು, ಆ ಸಂದರ್ಭವು ಬೇಡುವ ಮಾತುಗಳನ್ನು ಬರೆದಿರುವುದಾಗಿ ಅವನು ಒಪ್ಪಿಕೊಂಡಿದ್ದಾನೆ. ಆ ಒಪ್ಪಿಗೆಯಲ್ಲಿಯೇ ಒಂದು ಪ್ರಾಮಾಣಿಕತೆಯಿದೆ.

ರೈಲ್ವೆಯಲ್ಲಿ ಹಳಿಯ ಮಾರ್ಗಕ್ಕೆ ಮಟ್ಟ ನೋಡುವ ಕೆಲಸವನ್ನು ನಾನು ಬಹುಕಾಲ ಮಾಡಿದವನು. ಅಲ್ಲಿ ಒಂದು ಕಟ್ಟುಪಾಡಿದೆ. ಎತ್ತರವು ನಿಶ್ಚಿತವಾಗಿ ಗೊತ್ತಿರುವ ಒಂದು ಬೆಂಚ್‌ಮಾರ್ಕಿನಿಂದ ಹೊರಟು, ನಡುವಿನ ನೆಲವನ್ನು ಅಳೆಯುತ್ತ ಸಾಗಿ, ನಿಶ್ಚಿತವಾಗಿ ಗೊತ್ತಿರುವ ಇನ್ನೊಂದು ಬೆಂಚ್‌ಮಾರ್ಕಿಗೆ ಬಂದು ಮುಗಿಸಬೇಕು. ಅಲ್ಲಿಯ ಅಂಕಿಗೂ ನಮ್ಮ ಲೆಕ್ಕಕ್ಕೂ ಹೊಂದಾಣಿಕೆಯಾಗದಿದ್ದರೆ ಪುಸ್ತಕದಲ್ಲಿ ತಿದ್ದುವಂತಿಲ್ಲ. ಮರಳಿ ಹೋಗಿ ಅಳೆಯಬೇಕು. ಕಲ್ಪಿತ ಸಂವಾದಕ್ಕೂ ಇದೇ ಕಟ್ಟುಪಾಡು ಸಲ್ಲುತ್ತದೆಯೆಂದು ನನ್ನ ನಂಬಿಕೆ. ಎರಡು ತುದಿಗಳಲ್ಲಿಯೂ ದಾಖಲೆಯಿರಬೇಕು. ನಡುವಿನ ಮಾತು ಮಾತ್ರ ನಮ್ಮದು. ಮಾತು ನಮ್ಮದೆಂಬುದನ್ನು ಮುಚ್ಚಿಡಲೂ ಕೂಡದು.

ಈ ವಿಚಾರಕ್ಕೆ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಇದರ ಹೆಸರು ಔರಂಗಾಬಾದ್) ಎಂಬ ಎರಡು ಊರುಗಳ ಪರಿಸರ ಬಹಳ ಅನುಕೂಲವಾದುದು. ಮನ್ಮಾಡ್ ಜಂಕ್ಷನ್ನಿನ ಮೂಲಕ ಒಂದರಿಂದ ಇನ್ನೊಂದಕ್ಕೆ ಅರ್ಧ ದಿನವೂ ಬೇಡದ ರೈಲುದಾರಿ. ಈ ದಾರಿಯ ಆಸುಪಾಸಿನಲ್ಲಿ ಎರಡು ಸಾವಿರ ವರ್ಷಗಳ ಸಂವಾದಗಳು ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಉಳಿದಿವೆ.

ತ್ರಿರಶ್ಮಿ ಬೆಟ್ಟದ ಇಬ್ಬರು ಸ್ತ್ರೀಯರು

ನಾಸಿಕದ ಹೊರವಲಯದಲ್ಲಿರುವ ಬೆಟ್ಟವನ್ನು ಜನರು ಪಾಂಡವಲೇಣಿ ಎಂದು ಕರೆಯುತ್ತಾರೆ. ಶಾಸನಗಳಲ್ಲಿ ಅದು ತ್ರಿರಶ್ಮಿ ಪರ್ವತ. ಅಲ್ಲಿರುವ ಸುಮಾರು ಎರಡು ಡಜನ್ ಗುಹೆಗಳಲ್ಲಿ ಎರಡು ನಮ್ಮ ವಿಷಯಕ್ಕೆ ಮುಖ್ಯ.

ಹತ್ತನೆಯ ಗುಹೆ ಕ್ಷಹರಾತ ಕ್ಷತ್ರಪ ನಹಪಾನನ ಕುಟುಂಬದ್ದು. ಅವನ ಅಳಿಯ ಉಷವದಾತನು ಬೌದ್ಧ ಭಿಕ್ಷುಗಳಿಗಾಗಿ ಅದನ್ನು ಕೊರೆಯಿಸಿ, 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಶಾಶ್ವತ ನಿಧಿಯಾಗಿ ಇರಿಸಿದನು. ಅದರಲ್ಲಿ 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಆ ಬಡ್ಡಿಯಿಂದ ಇಪ್ಪತ್ತು ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ವಸ್ತ್ರದ ಹಣ. ವರ್ಷಕ್ಕೆ 240, ಇಪ್ಪತ್ತರಿಂದ ಭಾಗಿಸಿದರೆ ಸರಿಯಾಗಿ 12. ಸುಮಾರು ಹತ್ತೊಂಬತ್ತು ಶತಮಾನಗಳ ಹಿಂದಿನ ಈ ಲೆಕ್ಕದಲ್ಲಿ ಒಂದು ಕಾಸಿನ ವ್ಯತ್ಯಾಸವೂ ಇಲ್ಲ. ಅದೇ ಗುಹೆಯಲ್ಲಿ ಉಷವದಾತನ ಪತ್ನಿ, ನಹಪಾನನ ಮಗಳು ದಕ್ಷಮಿತ್ರೆಯು ಒಂದು ಕೋಣೆಯನ್ನು ದಾನವಿತ್ತ ಶಾಸನವಿದೆ.

ಮೂರನೆಯ ಗುಹೆ ಗೌತಮೀ ಬಾಲಶ್ರೀಯ ದಾನ. ಈಕೆ ಶಾತವಾಹನ ಚಕ್ರವರ್ತಿ ಗೌತಮೀಪುತ್ರ ಶಾತಕರ್ಣಿಯ ತಾಯಿ. ಮೊಮ್ಮಗ ಪುಲುಮಾವಿಯ ಆಳ್ವಿಕೆಯ ಹತ್ತೊಂಬತ್ತನೆಯ ವರ್ಷದಲ್ಲಿ, ಮಗನು ತೀರಿಕೊಂಡ ಮೇಲೆ, ಈ ವೃದ್ಧೆಯು ಬರೆಯಿಸಿದ ಶಾಸನ ಮಗನ ಗುಣಗಳ ದೀರ್ಘ ಪಟ್ಟಿಯಾಗಿದೆ. ಅಪರಾಧವೆಸಗಿದ ಶತ್ರುವಿನ ಪ್ರಾಣಹಿಂಸೆಯಲ್ಲಿಯೂ ಅವನಿಗೆ ರುಚಿಯಿರಲಿಲ್ಲವೆಂದು ಅದರಲ್ಲಿ ಹೇಳಿದೆ. ಕ್ಷಹರಾತ ವಂಶವನ್ನು ಅವನು ನಿಶ್ಶೇಷಗೊಳಿಸಿದನೆಂದೂ ಅದೇ ಶಾಸನದಲ್ಲಿ ಹೇಳಿದೆ. ತನ್ನನ್ನು ಆಕೆ ಸತ್ಯ, ದಾನ, ಕ್ಷಮೆ, ಅಹಿಂಸೆಗಳಲ್ಲಿ ನಿರತಳೆಂದು ಬಣ್ಣಿಸಿಕೊಂಡಿದ್ದಾಳೆ.

1906ರಲ್ಲಿ ನಾಸಿಕ ಜಿಲ್ಲೆಯ ಜೋಗಳ್‌ಟೆಂಭಿಯಲ್ಲಿ ದೊರೆತ ನಿಧಿಯಲ್ಲಿ ನಹಪಾನನ ಬೆಳ್ಳಿ ನಾಣ್ಯಗಳು 13,000ಕ್ಕೂ ಹೆಚ್ಚಿದ್ದವು. ಅವುಗಳಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಶಾತಕರ್ಣಿಯು ತನ್ನ ಮುದ್ರೆಯನ್ನು ಒತ್ತಿಸಿದ್ದಾನೆ. ಇಷ್ಟು ದಾಖಲೆ. ಈಗ ಈ ಎರಡು ಗುಹೆಗಳ ನಡುವಿನ ಕಾಲುದಾರಿಯಲ್ಲಿ ದಕ್ಷಮಿತ್ರೆ ಮತ್ತು ಬಾಲಶ್ರೀ ಸಂಧಿಸಿದರೆಂದು ಭಾವಿಸೋಣ. ಕೆಳಗಿನ ಮಾತುಗಳು ಕೇವಲ ಕಲ್ಪನೆ.

ದಕ್ಷಮಿತ್ರೆ: ದೇವಿ, ಅಪರಾಧಿ ಶತ್ರುವನ್ನೂ ಕೊಲ್ಲಲು ಮನಸ್ಸು ಬಾರದವನೆಂದು ನಿಮ್ಮ ಲಿಪಿಕಾರನು ಕೆತ್ತಿದ್ದಾನೆ. ಕ್ಷಹರಾತರಲ್ಲಿ ಒಬ್ಬರನ್ನೂ ಉಳಿಸದವನೆಂದೂ ಕೆತ್ತಿದ್ದಾನೆ. ನಾನು ಆ ಕುಲದ ಮಗಳು. ಇವೆರಡರಲ್ಲಿ ಯಾವುದನ್ನು ನಂಬಲಿ?

ಬಾಲಶ್ರೀ: ಎರಡನ್ನೂ ಬರೆಯಿಸಿದವಳು ನಾನೇ, ಮಗಳೆ. ಒಂದು ನಾನು ಹೆತ್ತ ಮಗನ ಸ್ವಭಾವ; ಇನ್ನೊಂದು ರಾಜನಾಗಿ ಅವನು ಮಾಡಿದ ಕಾರ್ಯ.

ದಕ್ಷಮಿತ್ರೆ: ಕಾರ್ಯದ ಹೊತ್ತಿಗೆ ಸ್ವಭಾವ ಎಲ್ಲಿಗೆ ಹೋಗಿತ್ತು?

ಬಾಲಶ್ರೀ: ನಿನ್ನ ಪತಿಯು ಭಿಕ್ಷುಗಳಿಗೆ ಹೊಲ ಕೊಟ್ಟನಲ್ಲ, ಆ ನೆಲ ಮೊದಲು ಯಾರದಾಗಿತ್ತೆಂದು ನೀನು ಆ ದಿನ ಕೇಳಿದ್ದೆಯಾ?

ದಕ್ಷಮಿತ್ರೆ: ಕೇಳಿರಲಿಲ್ಲ. ಗೆದ್ದವರ ಮನೆಯ ಹೆಂಗಸರಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ.

ಬಾಲಶ್ರೀ: ನನಗೂ ಹೊಳೆಯಲಿಲ್ಲ. ಮಗನು ಇಲ್ಲವಾದ ಮೇಲೆ ಹೊಳೆಯಿತು. ನಾಣ್ಯಗಳ ಮೇಲೆ ಮುದ್ರೆ ಒತ್ತಿಸಿದರು. ನಿನ್ನ ಹೆಸರಿರುವ ಕಲ್ಲಿಗೆ ಯಾರೂ ಉಳಿ ಹಚ್ಚಲಿಲ್ಲ. ನಾನು ಕೊಡಬಹುದಾದ ಉತ್ತರ ಅಷ್ಟೇ.

ಕಲ್ಪನೆ ಇಲ್ಲಿಗೆ ಮುಗಿಯಿತು. ದಕ್ಷಮಿತ್ರೆಯ ಶಾಸನವನ್ನು ಇಂದಿಗೂ ಓದಬಹುದೆಂಬುದು ಕಲ್ಪನೆಯಲ್ಲ. ಚರಿತ್ರೆಯ ವಿದ್ಯಾರ್ಥಿಯು ಬಾಲಶ್ರೀಯ ಶಾಸನವನ್ನು ಪ್ರಶಸ್ತಿಯೆಂದು ಓದಿ ಮುಂದೆ ಸಾಗುತ್ತಾನೆ. ಆದರೆ ಅದೇ ಸಾಲುಗಳನ್ನು ಸೋತ ಮನೆಯ ಮಗಳ ಕಣ್ಣಿನಿಂದ ಓದಿದಾಗ, ಹೊಗಳಿಕೆಯ ಒಳಗೆ ಅಡಗಿರುವ ವಿರೋಧವು ಎದ್ದು ಕಾಣುತ್ತದೆ. ದಾನವೂ ಹಿಂಸೆಯೂ ಒಂದೇ ಮನೆಯಲ್ಲಿ ವಾಸಿಸಬಲ್ಲವು. ಗೆದ್ದವರ ಮನೆಯಲ್ಲಿಯೂ ಸೋತವರ ಮನೆಯಲ್ಲಿಯೂ. ಈ ತಿಳಿವಿಗಾಗಿ ನಾವು ಶಾಸನಕ್ಕೆ ಹೊಸ ಸಂಗತಿಯನ್ನು ಸೇರಿಸಬೇಕಾಗಲಿಲ್ಲ. ಓದುವವಳನ್ನು ಬದಲಿಸಿದ್ದೇ ಸಾಕಾಯಿತು.

ದೇವಗಿರಿಯ ಹಾದಿಯಲ್ಲಿ ಆಡದ ಮಾತು

ಸಂಭಾಜಿನಗರದ ಸಮೀಪದ ದೌಲತಾಬಾದ್ ಕೋಟೆ ಯಾದವರ ದೇವಗಿರಿ. ನಮ್ಮ ಪರಂಪರೆಯವರಿಗೂ ಈ ರಾಜ್ಯದ ನೆನಪುಂಟು. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದ ಹತ್ತನೆಯ ಸರ್ಗದಲ್ಲಿ ಬರುವ ಈಶ್ವರದೇವನೆಂಬ ಮಹಾರಾಷ್ಟ್ರದ ಅರಸನನ್ನು ಕೆಲವು ವಿದ್ವಾಂಸರು ದೇವಗಿರಿಯ ಯಾದವ ಮಹಾದೇವನೆಂದು ಗುರುತಿಸಿದ್ದಾರೆ. ದಾರಿಹೋಕರನ್ನೆಲ್ಲ ಹಿಡಿದು ನೆಲ ಅಗೆಯಿಸುತ್ತಿದ್ದ ಆ ಅರಸನು ಆಚಾರ್ಯರಿಗೂ ಅಗೆಯಲು ಹೇಳಿದಾಗ, ಹೇಗೆಂಬುದನ್ನು ನೀನೇ ತೋರಿಸು ಎಂದು ಅವರು ಕೇಳಿದರು. ತೋರಿಸಲು ಹೊರಟ ಅರಸನು ಅಗೆಯುವುದನ್ನು ನಿಲ್ಲಿಸಲಾರದೆ ಹೋದನು. ಮಹಿಮೆಯ ಮಾತನ್ನು ಭಕ್ತರು ಭಕ್ತಿಯಿಂದ ಗ್ರಹಿಸಲಿ. ನೀತಿಯ ಮಾತಂತೂ ಸ್ಪಷ್ಟವಾಗಿದೆ: ಪರರಿಂದ ಬಿಟ್ಟಿ ದುಡಿಸುವವನು ಒಮ್ಮೆ ಗುದ್ದಲಿಯ ಭಾರವನ್ನು ತಾನೇ ಹೊರಬೇಕು. ಅರಸನ ಮುಖಕ್ಕೆ ನೇರವಾಗಿ ಆಡಿದ ಮಾತದು.

ಅದೇ ದೇವಗಿರಿಯ ಸಂಬಂಧದಲ್ಲಿ ಆಡದೆ ಉಳಿದ ಮಾತೊಂದು ಸುಮಾರು ಎಂಟು ದಶಕಗಳ ತರುವಾಯ ದಾಖಲಾಯಿತು. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನು ದೇವಗಿರಿಯನ್ನು ದೌಲತಾಬಾದೆಂದು ಕರೆದು ಎರಡನೆಯ ರಾಜಧಾನಿಯಾಗಿ ಮಾಡಿದ ಕಥೆ ಸರ್ವವಿದಿತ. ಅವನ ಆಸ್ಥಾನದಲ್ಲಿ ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ಇದ್ದ ಜಿಯಾವುದ್ದೀನ್ ಬರನಿಯು 1357ರಲ್ಲಿ ಮುಗಿಸಿದ ತನ್ನ ಇತಿಹಾಸಗ್ರಂಥದಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾನೆ. ದೇವಗಿರಿಯ ಅಮೀರರು ದಂಗೆಯೆದ್ದ ಕಾಲ. ಸೈನ್ಯವು ಗುಜರಾತಿನತ್ತ ಸಾಗುತ್ತಿದೆ. ಬರನಿಯ ಕುದುರೆ ಸುಲ್ತಾನನ ಕುದುರೆಯ ಪಕ್ಕದಲ್ಲಿದೆ. ಸುಲ್ತಾನನು ದಂಗೆಕೋರರ ದ್ರೋಹದ ಬಗ್ಗೆ ಮಾತನಾಡುತ್ತಾನೆ. ಈ ಎಲ್ಲ ಕ್ಷೋಭೆಗೂ ಸುಲ್ತಾನನ ಅತಿಯಾದ ದಂಡನೆಯೇ ಕಾರಣವೆಂದು ಹೇಳಬೇಕೆಂದು ಬರನಿಗೆ ಅನಿಸುತ್ತದೆ; ಆದರೆ ಅವನ ಕೋಪಕ್ಕೆ ಹೆದರಿ ಹೇಳುವುದಿಲ್ಲ. ಮುಂದೆ ಇನ್ನೊಂದು ದಿನ ಸುಲ್ತಾನನೇ ತನ್ನ ರಾಜ್ಯಕ್ಕೆ ರೋಗ ಹಿಡಿದಿದೆಯೆಂದು ಹೇಳಿ, ಹಿಂದಿನ ಅರಸರು ಇಂತಹ ವೇಳೆ ಏನು ಮಾಡಿದರೆಂದು ಕೇಳಿದಾಗ, ಕೆಲವರು ರಾಜ್ಯವನ್ನು ಬೇರೆಯವರಿಗೆ ಒಪ್ಪಿಸಿದರೆಂದು ಬರನಿಯು ಉತ್ತರಿಸುತ್ತಾನೆ. ಅಷ್ಟು ಹೇಳುವುದಕ್ಕೂ ಚರಿತ್ರೆಯ ಉದಾಹರಣೆಗಳ ಮರೆ ಅವನಿಗೆ ಬೇಕಾಯಿತು.

ಈ ಆಡದ ಮಾತು ಆರು ಶತಮಾನಗಳ ಮೇಲೆ ಕನ್ನಡದಲ್ಲಿ ಕೇಳಿಸಿತೆಂಬುದು ನಮಗೆ ಅಭಿಮಾನದ ಸಂಗತಿ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಉತ್ತರಾರ್ಧ ದೌಲತಾಬಾದಿನಲ್ಲಿ ನಡೆಯುತ್ತದೆ. ಬರನಿಯೂ ಅದರಲ್ಲಿ ಒಂದು ಪಾತ್ರ. ರಾತ್ರಿಯ ಕೋಟೆಯ ಮೇಲೆ ಬರನಿಯು ಸುಲ್ತಾನನಿಗೆ, ನಿಮ್ಮ ಸ್ಥಾನ ವಿದ್ವಾಂಸರ ನಡುವೆ ಇದೆಯೇ ಹೊರತು ಈ ಹೆಣಗಳ ನಡುವೆ ಅಲ್ಲವೆಂಬ ಭಾವದ ಮಾತನ್ನು ಹೇಳುತ್ತಾನೆ. ನಾಟಕಕಾರರು ಬರನಿಯ ಮೌನದ ಎರಡು ತುದಿಗಳನ್ನೂ ಬಲ್ಲವರಾಗಿದ್ದು, ನಡುವಿನ ಮಾತನ್ನು ತುಂಬಿದರು.

ಆದರೆ ಇದೇ ಬರನಿಯಿಂದ ನಾವು ಒಂದು ಎಚ್ಚರಿಕೆಯನ್ನೂ ಪಡೆಯಬೇಕು. ಅವನು ‘ಫತಾವಾ-ಇ-ಜಹಾಂದಾರಿ’ ಎಂಬ ರಾಜನೀತಿಯ ಗ್ರಂಥವನ್ನೂ ರಚಿಸಿದನು. ಅದರ ಉಪದೇಶವೆಲ್ಲ 1030ರಲ್ಲಿಯೇ ತೀರಿಹೋಗಿದ್ದ ಘಜನಿಯ ಮಹಮೂದನ ಬಾಯಿಂದ ಬರುತ್ತದೆ. ಕೆಳಕುಲದವರಿಗೆ ವಿದ್ಯೆ ಕಲಿಸಬಾರದು, ಪರಧರ್ಮೀಯರನ್ನು ಹೀನಸ್ಥಿತಿಯಲ್ಲಿ ಇಡಬೇಕು ಎಂಬ ಕಠೋರ ವಿಚಾರಗಳೂ ಅದರಲ್ಲಿವೆ. ಸುಲ್ತಾನನ ಮುಂದೆ ಸತ್ಯವನ್ನು ಹೇಳಲಾರದ ವ್ಯಕ್ತಿಯೇ, ಸತ್ತ ಸುಲ್ತಾನನ ಮರೆಯಲ್ಲಿ ನಿಂತು ದುರ್ಬಲರ ವಿರುದ್ಧ ಧಾರಾಳವಾಗಿ ಮಾತನಾಡಿದನು. ಕಲ್ಪಿತ ಸಂವಾದವು ಧೈರ್ಯಕ್ಕೆ ಆಸರೆಯಾದಂತೆ ದ್ವೇಷಕ್ಕೂ ಮುಖವಾಡವಾಗಬಲ್ಲದು. ಯಾವುದು ಎಂಬುದನ್ನು ನಿರ್ಣಯಿಸಲು ಒಂದು ಸುಲಭ ಪರೀಕ್ಷೆಯುಂಟು: ಎದುರಾಳಿಗೆ ಅಲ್ಲಿ ಉತ್ತರಿಸುವ ಅವಕಾಶವಿದೆಯೇ? ಬರನಿಯ ಮಹಮೂದನ ಎದುರಿಗೆ ಯಾವ ಪೂರ್ವಪಕ್ಷಿಯೂ ಇಲ್ಲ.

ಪೈಠಣದ ಸಂತ, ನಾಸಿಕದ ಬಾಗಿಲು

ಪೂರ್ವಪಕ್ಷಿಗೆ ನ್ಯಾಯ ಒದಗಿಸಿದವರು ಸಂಭಾಜಿನಗರದ ದಕ್ಷಿಣಕ್ಕೆ ಗೋದಾವರಿಯ ದಡದಲ್ಲಿರುವ ಪೈಠಣದ ಸಂತ ಏಕನಾಥರು (1533–1599). ಇವರ ಮುತ್ತಾತ ಭಾನುದಾಸರೇ ವಿಜಯನಗರದಿಂದ ವಿಠ್ಠಲನ ಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದರೆಂಬುದು ವಾರಕರಿ ಪರಂಪರೆಯ ಕಥನ. ಹೀಗಾಗಿ ಈ ಮನೆತನ ಕನ್ನಡಿಗರಿಗೆ ದೂರದ್ದಲ್ಲ. ಗುರುಗಳಾದ ಜನಾರ್ದನಸ್ವಾಮಿಗಳು ದೇವಗಿರಿ ಕೋಟೆಯಲ್ಲಿ ನಿಜಾಮಶಾಹಿಯ ಅಧಿಕಾರಿಗಳು. ಮುಸಲ್ಮಾನ ಅರಸರ ಸೇವೆಯಲ್ಲಿದ್ದ ಬ್ರಾಹ್ಮಣ ಗುರುವಿನ ಶಿಷ್ಯರು ‘ಹಿಂದೂ-ತುರ್ಕ ಸಂವಾದ’ವೆಂಬ ಕೃತಿಯನ್ನು ರಚಿಸಿದರು.

ಅದರಲ್ಲಿ ಇಬ್ಬರೂ ಮೊದಲು ಪರಸ್ಪರ ನಿಂದಿಸುತ್ತಾರೆ. ತುರ್ಕನು ಪುರಾಣಗಳ ದೇವರನ್ನೂ ವಿಗ್ರಹಪೂಜೆಯನ್ನೂ ಆಕ್ಷೇಪಿಸುತ್ತಾನೆ. ಹಿಂದುವು ಅಷ್ಟೇ ಕಟುವಾಗಿ ಮರುಪ್ರಶ್ನೆ ಹಾಕುತ್ತಾನೆ. ಕೊನೆಗೆ ವಾದವು ಕಲಹದಲ್ಲಿ ಮುಗಿಯದೆ ಸೌಹಾರ್ದದಲ್ಲಿ ಪರ್ಯವಸಾನವಾಗುತ್ತದೆ. ಗಮನಿಸಬೇಕಾದುದು, ಏಕನಾಥರು ತುರ್ಕನ ಬಾಯಿಗೆ ಜೊಳ್ಳು ಮಾತುಗಳನ್ನು ಇಟ್ಟಿಲ್ಲ. ಅವನ ಆಕ್ಷೇಪಣೆಗಳು ಕೇಳುಗನಿಗೆ ನಾಟುವಂತಿವೆ. ಜಲ್ಪವಾಗಬಹುದಾಗಿದ್ದುದು ವಾದವಾದುದು ಈ ಕಾರಣದಿಂದ. ಏಕನಾಥರ ಭಾರೂಡಗಳಲ್ಲಿ ಬ್ರಾಹ್ಮಣ ಮತ್ತು ಮಹಾರರ ಸಂವಾದವೂ ಉಂಟು. ಅಲ್ಲಿ ತಿರಸ್ಕಾರದಿಂದ ಮಾತಿಗಿಳಿದ ಬ್ರಾಹ್ಮಣನಿಗೆ ಮಹಾರನು ವೇದಾಂತವನ್ನೇ ತಿಳಿಸಿಕೊಡುತ್ತಾನೆ. ಹೆಚ್ಚುಕಡಿಮೆ ಇದೇ ಶತಮಾನದಲ್ಲಿ ನಮ್ಮ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಮತ್ತು ನರೆದಲೆಗಗಳ ನಡುವೆ ವಾಗ್ವಾದ ಹೂಡಿ, ಬಡವರ ಧಾನ್ಯಕ್ಕೆ ಶ್ರೀರಾಮನ ಸಮಕ್ಷಮದಲ್ಲಿ ಮನ್ನಣೆ ದೊರಕಿಸಿದುದನ್ನು ವಾಚಕರು ಇಲ್ಲಿ ಸ್ಮರಿಸಿಕೊಳ್ಳಬಹುದು.

ಆದರೆ ಕಾವ್ಯದ ಸಂವಾದವು ಊರಿನ ಬಾಗಿಲನ್ನು ತೆರೆಯಿತೇ? ನಾಸಿಕದ ಪಂಚವಟಿಯಲ್ಲಿರುವ ಕಾಳಾರಾಮ ಮಂದಿರದ ಎದುರು 1930ರ ಮಾರ್ಚ್ 2ರಂದು ಡಾ. ಬಾಬಾಸಾಹೇಬ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹವು ಆರಂಭವಾಯಿತು. ಗೋದಾವರಿಯ ನೀರು ಪೈಠಣಕ್ಕೆ ಹರಿಯುವುದು ಈ ಪಂಚವಟಿಯನ್ನು ದಾಟಿಯೇ. ಏಕನಾಥರ ಮಹಾರನು ವೇದಾಂತವನ್ನು ನುಡಿದು ಮೂರು ಶತಮಾನಗಳಿಗೂ ಹೆಚ್ಚು ಕಾಲ ಸಂದಿತ್ತು. ಅವನ ವಂಶಜರಿಗೆ ರಾಮನ ದರ್ಶನ ದೊರೆಯಲಿಲ್ಲ. ವರ್ಷಗಟ್ಟಲೆ ಕಾದ ಬಳಿಕ, 1935ರ ಅಕ್ಟೋಬರ್ 13ರಂದು ಇದೇ ನಾಸಿಕ ಜಿಲ್ಲೆಯ ಯೇವಲೆಯಲ್ಲಿ, ತಾನು ಹಿಂದುವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು ಘೋಷಿಸಿದರು.

ಅದೇ ವರ್ಷ ಏಕನಾಥರ ಚರಿತ್ರೆಯನ್ನು ಕುರಿತ ‘ಧರ್ಮಾತ್ಮಾ’ ಚಲನಚಿತ್ರ ತೆರೆಗೆ ಬಂದಿತ್ತು. ಗಾಂಧೀಜಿಯವರಿಗೆ ಉತ್ತರವಾಗಿ ಬರೆದು, ‘ಜಾತಿ ವಿನಾಶ’ ಗ್ರಂಥದ 1937ರ ಆವೃತ್ತಿಯಲ್ಲಿ ಸೇರಿಸಿದ ಲೇಖನದಲ್ಲಿ ಅಂಬೇಡ್ಕರರು ಆ ಚಿತ್ರವನ್ನು ಪ್ರಸ್ತಾಪಿಸಿದ್ದಾರೆ. ಸಂತರು ದೇವರ ಮುಂದೆ ಎಲ್ಲರೂ ಸಮಾನರೆಂದರು, ಮನುಷ್ಯ ಮನುಷ್ಯರಲ್ಲಿ ಸಮಾನತೆಯನ್ನು ಸಾರಲಿಲ್ಲ. ಏಕನಾಥರು ಅಸ್ಪೃಶ್ಯರನ್ನು ಮುಟ್ಟಿ ಅವರೊಡನೆ ಉಂಡದ್ದು ಅಸ್ಪೃಶ್ಯತೆಯ ವಿರೋಧದಿಂದಲ್ಲ, ಆ ಮೈಲಿಗೆಯನ್ನು ಗಂಗಾಸ್ನಾನದಿಂದ ತೊಳೆಯಬಹುದೆಂಬ ಭಾವನೆಯಿಂದ ಎಂಬುದು ಅವರ ಆಕ್ಷೇಪಣೆಯ ಸಾರಾಂಶ. ಏಕನಾಥರ ಭಕ್ತರಿಗೆ ಇದು ಕಠಿಣವಾದ ಮಾತು. ಆದರೆ ಪೂರ್ವಪಕ್ಷವನ್ನು ಪೂರ್ಣವಾಗಿ ಕೇಳಬೇಕೆಂಬುದು ಏಕನಾಥರೇ ಅನುಸರಿಸಿದ ಮಾರ್ಗ. ಆದುದರಿಂದ ಇಬ್ಬರೂ ಪೈಠಣದ ಘಟ್ಟದ ಮೇಲೆ ಕುಳಿತರೆಂದು ಇನ್ನೊಮ್ಮೆ ಕಲ್ಪಿಸಿಕೊಳ್ಳೋಣ.

ಅಂಬೇಡ್ಕರ್: ನಾಥಮಹಾರಾಜ, ಮೈಲಿಗೆಯನ್ನು ತೊಳೆಯಬಹುದೆಂದು ನೀವು ತೋರಿಸಿದಿರಿ. ಮೈಲಿಗೆಯೇ ಇಲ್ಲವೆಂದು ಏಕೆ ಹೇಳಲಿಲ್ಲ?

ಏಕನಾಥ: ನನ್ನ ಭಾರೂಡದಲ್ಲಿ ಮಹಾರನೇ ಬ್ರಾಹ್ಮಣನಿಗೆ ಗುರುವಾಗುತ್ತಾನಲ್ಲ, ಬಾಬಾಸಾಹೇಬ? ಊರಿನವರೆಲ್ಲ ಕುಳಿತು ಅದನ್ನು ಕೇಳಿದರು.

ಅಂಬೇಡ್ಕರ್: ಕೇಳಿದರು, ನಲಿದರು, ಮನೆಗೆ ಹೋಗಿ ಮಿಂದರು. ಆ ಮಹಾರನ ಮಾತನ್ನು ಬರೆದವರು ನೀವು. ಅವನೇ ಮಾತನಾಡಲು ನಾಸಿಕದ ಬಾಗಿಲಿಗೆ ಬಂದಾಗ ಅದು ಮುಚ್ಚಿತ್ತು.

ಏಕನಾಥರ ಮುಂದಿನ ಉತ್ತರವನ್ನು ನಾನು ಬರೆಯಲಾರೆ. ಅಂಬೇಡ್ಕರರ ಆಕ್ಷೇಪಣೆಗೆ ಅವರ ಬರವಣಿಗೆಯ ಆಧಾರವಿದೆ. ಏಕನಾಥರ ಮೊದಲ ಉತ್ತರಕ್ಕೆ ಅವರ ಭಾರೂಡದ ಆಧಾರವಿದೆ. ಆಚೆಗೆ ನಿಶ್ಚಿತವಾದ ಯಾವ ಬೆಂಚ್‌ಮಾರ್ಕೂ ಇಲ್ಲ. ಸಂತರನ್ನು ಉಳಿಸಿಕೊಳ್ಳುವ ಆತುರದಿಂದ ಅವರ ಬಾಯಲ್ಲಿ ಸಮರ್ಥನೆಯನ್ನು ಇಡುವುದೂ, ಅವರಿಂದ ಕ್ಷಮೆ ಬೇಡಿಸುವುದೂ ನಮ್ಮ ಅನುಕೂಲದ ಜಲ್ಪವೇ ಆದೀತು. ಇಂತಹ ಎಡೆಯಲ್ಲಿ ಉತ್ತರದ ಹೊಣೆ ಕೇಳುಗರ ಮೇಲೆ, ಅಂದರೆ ಏಕನಾಥರ ಅಭಂಗಗಳನ್ನೂ ಕನಕದಾಸರ ಕೀರ್ತನೆಗಳನ್ನೂ ಭಕ್ತಿಯಿಂದ ಹಾಡುವ ನಮ್ಮಂಥವರ ಮೇಲೆ, ಬೀಳುತ್ತದೆ. ಹಾಡಿ ನಲಿದ ಮೇಲೆ ನಾವು ಯಾರೊಡನೆ ಹೇಗೆ ನಡೆದುಕೊಂಡೆವೆಂಬುದೇ ಆ ಉತ್ತರ. ಬಾಗಿಲು ತೆರೆಯುವುದಕ್ಕೆ ಕೊನೆಗೆ 1947ರ ಮುಂಬಯಿ ಪ್ರಾಂತದ ದೇವಾಲಯ ಪ್ರವೇಶದ ಕಾಯಿದೆಯೇ ಬೇಕಾಯಿತೆಂಬುದನ್ನು ಇಲ್ಲಿ ಮರೆಯಬಾರದು.

ನಾಗಸೇನವನ

1950ರಲ್ಲಿ ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿಯು ಔರಂಗಾಬಾದಿನಲ್ಲಿ ಕಾಲೇಜೊಂದನ್ನು ತೆರೆಯಿತು. ಮರುವರ್ಷ ಅದರ ಕಟ್ಟಡಕ್ಕೆ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರು ಅಡಿಗಲ್ಲನ್ನಿಟ್ಟರು. ವಿದ್ಯೆಯಿಂದ ವಂಚಿತವಾಗಿದ್ದ ಮರಾಠವಾಡೆಯ ಮಕ್ಕಳಿಗಾಗಿ ಹುಟ್ಟಿದ ಆ ಸಂಸ್ಥೆಗೆ ಮಿಲಿಂದ ಮಹಾವಿದ್ಯಾಲಯವೆಂದು ಹೆಸರಾಯಿತು. ಆವರಣಕ್ಕೆ ನಾಗಸೇನವನವೆಂದು ಹೆಸರು. ಪಾಲಿಯ ‘ಮಿಲಿಂದಪಞ್ಹ’ದಲ್ಲಿ ಯವನ ಅರಸ ಮಿಲಿಂದನು (ಮಿನ್ಯಾಂಡರ್) ಭಿಕ್ಷು ನಾಗಸೇನನನ್ನು ಪ್ರಶ್ನೆಗಳಿಂದ ಪರೀಕ್ಷಿಸುತ್ತಾನೆ. ಮಾತಿಗೆ ತೊಡಗುವ ಮೊದಲು ನಾಗಸೇನನು ಒಂದು ಕರಾರನ್ನು ಹಾಕುತ್ತಾನೆ: ಪಂಡಿತರು ವಾದಿಸುವಂತೆ ವಾದಿಸುವುದಾದರೆ ಸಿದ್ಧ, ಅರಸರು ವಾದಿಸುವಂತೆ ಆದರೆ ಇಲ್ಲ. ಪಂಡಿತರ ವಾದದಲ್ಲಿ ತಪ್ಪು ತೋರಿಸಿದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ; ಅರಸರ ವಾದದಲ್ಲಿ ಒಪ್ಪದವನಿಗೆ ಶಿಕ್ಷೆಯಾಗುತ್ತದೆ. ಮಿಲಿಂದನು ಒಪ್ಪಿದನು. ಕುದುರೆಯ ಮೇಲೆ ಪಕ್ಕದಲ್ಲಿಯೇ ಸಾಗುತ್ತಿದ್ದ ಬರನಿಗೆ ತನ್ನ ಸುಲ್ತಾನನಿಂದ ದೊರೆಯದೆ ಹೋದುದು ಈ ಅಭಯವೇ.

ಈ ಸಂಭಾಷಣೆಯೂ ಬಹುಮಟ್ಟಿಗೆ ಗ್ರಂಥಕಾರರು ಕಟ್ಟಿದುದು. ಆದರೂ ಕಾಳಾರಾಮನ ಬಾಗಿಲಿನಿಂದ ಹಿಂದಿರುಗಿದ ವ್ಯಕ್ತಿಯು ತಾನು ಕಟ್ಟಿದ ವಿದ್ಯಾಲಯಕ್ಕೆ ಸಂವಾದವೊಂದರ ಹೆಸರನ್ನೇ, ಅದರಲ್ಲಿಯೂ ಉತ್ತರಿಸಿದ ಭಿಕ್ಷುವಿಗಿಂತ ಮೊದಲು ಪ್ರಶ್ನೆ ಕೇಳಿದ ಅರಸನ ಹೆಸರನ್ನು, ಇಟ್ಟುದು ಅರ್ಥಪೂರ್ಣವಾಗಿದೆ. ಪಂಚವಟಿಯ ಯಾತ್ರೆಗೂ ವೇರೂಳಿನ ಘೃಷ್ಣೇಶ್ವರನ ದರ್ಶನಕ್ಕೂ ಹೋಗುವ ನಮ್ಮ ಬಾಂಧವರು ಸಮಯವಿದ್ದರೆ ಪಾಂಡವಲೇಣಿಯ ಮೆಟ್ಟಿಲುಗಳನ್ನು ಏರಿ, ಮೂರನೆಯ ಮತ್ತು ಹತ್ತನೆಯ ಗುಹೆಗಳ ಶಾಸನಗಳ ಮುಂದೆ ಒಂದು ಗಳಿಗೆ ನಿಲ್ಲಲಿ. ಬಾಲಶ್ರೀಯ ಅಕ್ಷರಗಳನ್ನು ನೋಡಿದ ಕಣ್ಣಿನಿಂದಲೇ ದಕ್ಷಮಿತ್ರೆಯ ಅಕ್ಷರಗಳನ್ನೂ ನೋಡಿ ಬರಲಿ ಎಂಬುದು ನನ್ನ ಪ್ರಾರ್ಥನೆ.